ಕ್ಲಾಸಿಕ್ ರಾಕ್ ಸಂಕಲನದಲ್ಲಿ ಯಾವ ಹಾಡು ಇರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ರಾಕ್ ಕೇಳುವ ನಾಲ್ಕು ಜನ ಒಂದು ಕಡೆ ಕೂತರೆ ಸಾಕು, ಸ್ವಲ್ಪ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ‘ಆ ಆಲ್ಬಂನಲ್ಲಿ ಆ ಹಾಡೇ ಇಲ್ಲವಲ್ಲ, ಅದೆಂಥ ಗ್ರೇಟೆಸ್ಟ್ ಹಿಟ್ಸ್?’ ಆಮೇಲೆ ಊಟ ಆರಿಹೋಗುವವರೆಗೂ ಅದೇ ಜಗಳ. ಆ ಜಗಳದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ತಟಸ್ಥನಲ್ಲ. ಸಂಕಲನ, ಅಂದರೆ ಆಯ್ದ ಹಾಡುಗಳನ್ನು ಒಟ್ಟು ಹಾಕಿದ ಆಲ್ಬಂ, ಇರುವುದು ಮೊದಲ ಸಲ ಕೇಳುವವರಿಗೆ, ಹಳೇ ಅಭಿಮಾನಿಗಳಿಗಲ್ಲ ಅನ್ನುವುದು ನನ್ನ ಪಕ್ಷ. ಉತ್ತರಗಳೆಲ್ಲ ಆ ಕಡೆಗೇ ವಾಲಿವೆ.

ಕ್ಲಾಸಿಕ್ ರಾಕ್ ಅಂದರೆ ಯಾವ ಕಾಲದ ಹಾಡು?

ಸುಮಾರಾಗಿ 1960ರ ದಶಕದ ನಡುವಿನಿಂದ 1970ರ ದಶಕದ ಕೊನೆಯವರೆಗೆ. ಕೆಲವರು 80ರ ದಶಕದ ಮೊದಲ ಕೆಲವು ವರ್ಷಗಳನ್ನೂ ಸೇರಿಸುತ್ತಾರೆ. ಆಗ ಹಾಡಿದವರು ಯಾರೂ ತಮ್ಮದು ಕ್ಲಾಸಿಕ್ ರಾಕ್ ಅಂತ ಹೇಳಿಕೊಂಡಿರಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಕೆಲವು ಎಫ್‌ಎಂ ಸ್ಟೇಷನ್‌ಗಳು ಹೊಸ ಹಾಡು ಬಿಟ್ಟು ಹಳೇ ರಾಕ್ ಹಾಡುಗಳನ್ನೇ ದಿನವಿಡೀ ಹಾಕಲು ಶುರು ಮಾಡಿದವು. ಹದಿಹರೆಯದಲ್ಲಿ ಆ ಹಾಡು ಕೇಳಿ ಬೆಳೆದವರು ಆಗ ಮೂವತ್ತು ದಾಟಿದ್ದರು, ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಜಾಹೀರಾತು ಕೊಡುವವರಿಗೆ ಅವರೇ ಬೇಕಿತ್ತು. ಆ ರೇಡಿಯೋ ಕಾರ್ಯಕ್ರಮಗಳಿಂದ ಹರಡಿದ ಹೆಸರು ಇದು. ಅಂದರೆ ನೀವು ಪಟ್ಟಿ ಮಾಡಲು ಕೂರುವ ಮೊದಲೇ ಒಂದು ಸುತ್ತು ಆಯ್ಕೆ ಮುಗಿದಿದೆ. ಅದರಿಂದ ಏನು ತೊಂದರೆಯಾಯಿತು ಅನ್ನುವುದು ಮುಂದೆ ಬರುತ್ತದೆ.

ಗ್ರೇಟೆಸ್ಟ್ ಹಿಟ್ಸ್, ಬೆಸ್ಟ್ ಆಫ್ ಎರಡೂ ಒಂದೇನಾ?

ಒಂದೇ ಅಲ್ಲ. ಹಿಟ್ ಅಂದರೆ ಚಾರ್ಟ್‌ನಲ್ಲಿ (ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ) ಮೇಲೆ ಬಂದ ಸಿಂಗಲ್ (ಒಂದೆರಡು ಹಾಡನ್ನು ಬಿಡಿಯಾಗಿ ಮಾರುವ ಡಿಸ್ಕ್), ಅದಕ್ಕೆ ಲೆಕ್ಕ ಇದೆ. ಬೆಸ್ಟ್ ಅನ್ನುವುದು ಯಾರದೋ ಅಭಿಪ್ರಾಯ. ಅರ್ಧ ಜಗಳ ಹುಟ್ಟುವುದು ಒಬ್ಬರು ಹಿಟ್ ಬಗ್ಗೆ, ಇನ್ನೊಬ್ಬರು ಬೆಸ್ಟ್ ಬಗ್ಗೆ ಮಾತಾಡುತ್ತಿರುವುದರಿಂದ.

ಚಾರ್ಟ್ ನೋಡಿ ಮೊದಲ ಸ್ಥಾನಕ್ಕೆ ಬಂದ ಹಾಡು ಹಾಕಿದರೆ ಮುಗೀತಲ್ಲ?

2000ನೇ ಇಸವಿಯಲ್ಲಿ ಬೀಟಲ್ಸ್‌ನ ‘1’ ಆಲ್ಬಂನಲ್ಲಿ ಇದನ್ನೇ ಮಾಡಿದರು. ಬ್ರಿಟನ್‌ನಲ್ಲೋ ಅಮೆರಿಕದಲ್ಲೋ ಮೊದಲ ಸ್ಥಾನ ಮುಟ್ಟಿದ 27 ಹಾಡು, ಒಂದೇ ಸಿಡಿ. ಇದಕ್ಕಿಂತ ಸರಳ ನಿಯಮ ಇನ್ನೇನಿರುತ್ತೆ ಹೇಳಿ? ಆದರೂ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹೊರಗೆ ಉಳಿಯಿತು.

1967ರ ಫೆಬ್ರವರಿಯಲ್ಲಿ ಆ ಹಾಡು ಮತ್ತು ‘ಪೆನ್ನಿ ಲೇನ್’ ಒಂದೇ ಸಿಂಗಲ್‌ನ ಎರಡು ಬದಿಗಳಾಗಿ ಬಂದವು. ಬ್ರಿಟನ್‌ನಲ್ಲಿ ಆ ಸಿಂಗಲ್ ಎರಡನೇ ಸ್ಥಾನದಲ್ಲೇ ನಿಂತಿತು. ಅದನ್ನು ಮೇಲೆ ಹತ್ತಲು ಬಿಡದೆ ಕೂತಿದ್ದು ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ ‘ರಿಲೀಸ್ ಮಿ’. (ಈ ಹಂಪರ್‌ಡಿಂಕ್ ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ.) ಅಮೆರಿಕದಲ್ಲಿ ಎರಡು ಬದಿಗೂ ಬೇರೆ ಬೇರೆ ಲೆಕ್ಕ ಇಡುತ್ತಿದ್ದರು. ಅಲ್ಲಿ ಪೆನ್ನಿ ಲೇನ್ ಮೊದಲ ಸ್ಥಾನಕ್ಕೆ ಹೋಯಿತು, ಸ್ಟ್ರಾಬೆರಿ ಎಂಟರಲ್ಲಿ ನಿಂತಿತು. ಹಾಗಾಗಿ ಒಂದೇ ಡಿಸ್ಕಿನ ಒಂದು ಮಗ್ಗುಲು ಸಂಕಲನದ ಒಳಗೆ, ಇನ್ನೊಂದು ಹೊರಗೆ.

‘ಪ್ಲೀಸ್ ಪ್ಲೀಸ್ ಮಿ’ ಕಥೆ ಇನ್ನೂ ವಿಚಿತ್ರ. 1963ರಲ್ಲಿ ಬ್ರಿಟನ್‌ನಲ್ಲಿ ಒಂದಕ್ಕಿಂತ ಜಾಸ್ತಿ ಚಾರ್ಟ್‌ಗಳಿದ್ದವು. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಮತ್ತು ಮೆಲಡಿ ಮೇಕರ್ ಪತ್ರಿಕೆಗಳ ಪಟ್ಟಿಯಲ್ಲಿ ಅದು ಮೊದಲನೆಯದು. ರೆಕಾರ್ಡ್ ರೀಟೇಲರ್ ಪಟ್ಟಿಯಲ್ಲಿ ಎರಡನೆಯದು. ಆಲ್ಬಂ ಮಾಡಿದವರು ಲೆಕ್ಕಕ್ಕೆ ಹಿಡಿದದ್ದು ರೆಕಾರ್ಡ್ ರೀಟೇಲರ್ ಪಟ್ಟಿ. ಹಾಡು ಔಟ್.

ಇದೇ ನಿಯಮವನ್ನು ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಬ್ಯಾಂಡ್‌ಗೆ ಹಚ್ಚಿ ನೋಡಿ. ಅಮೆರಿಕದ ಬಿಲ್‌ಬೋರ್ಡ್ ಚಾರ್ಟ್‌ನಲ್ಲಿ ಅವರ ಐದು ಸಿಂಗಲ್‌ಗಳು ಎರಡನೇ ಸ್ಥಾನಕ್ಕೆ ಬಂದವು, ಒಂದೂ ಮೊದಲನೆಯದಾಗಲಿಲ್ಲ. ಅವರಿಗೆ ‘1’ ಅಂತ ಆಲ್ಬಂ ಮಾಡಿದರೆ ಖಾಲಿ ಡಿಸ್ಕ್ ಮಾರಬೇಕಾಗುತ್ತದೆ! ಆದರೆ 1976ರಲ್ಲಿ ಬಂದ ಅವರ ‘ಕ್ರಾನಿಕಲ್’ ನನ್ನ ಮಟ್ಟಿಗೆ ಈ ಜಾತಿಯ ಆಲ್ಬಂಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಇಪ್ಪತ್ತು ಹಾಡು, ಬೇಡದ್ದು ಹುಡುಕಿದರೂ ಸಿಗುವುದಿಲ್ಲ. ಚಾರ್ಟ್ ನೋಡಬೇಡಿ ಅಂತ ನಾನು ಹೇಳುತ್ತಿಲ್ಲ. ಚಾರ್ಟ್ ತೀರ್ಪು ಕೊಟ್ಟುಬಿಡುತ್ತದೆ, ನಾವು ಸುಮ್ನೆ ಕೂರಬಹುದು ಅಂದುಕೊಳ್ಳಬೇಡಿ ಅಷ್ಟೇ.

ಈಗಲ್ಸ್‌ನ ಅಷ್ಟು ಮಾರಾಟವಾದ ಆಲ್ಬಂನಲ್ಲಿ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಯಾಕಿಲ್ಲ?

ಯಾಕೆಂದರೆ ಆ ಹಾಡು ಇನ್ನೂ ಹುಟ್ಟಿಯೇ ಇರಲಿಲ್ಲ. ‘ದೇರ್ ಗ್ರೇಟೆಸ್ಟ್ ಹಿಟ್ಸ್ 1971–1975’ ಬಂದಿದ್ದು 1976ರ ಫೆಬ್ರವರಿಯಲ್ಲಿ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಆಲ್ಬಂ ಬಂದಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಹೆಸರಿನಲ್ಲೇ ಇಸವಿ ಬರೆದಿದ್ದರೂ ಈ ಪ್ರಶ್ನೆ ನಿಂತಿಲ್ಲ. ಆ ಹಾಡು ಸೇರಿದ ಎರಡನೇ ಗ್ರೇಟೆಸ್ಟ್ ಹಿಟ್ಸ್ 1982ರಲ್ಲಿ ಬಂತು. ಮೊದಲನೆಯದಕ್ಕೆ ಸಿಕ್ಕ ಹೆಸರು ಅದಕ್ಕೆ ಸಿಗಲಿಲ್ಲ.

ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ 1976ರಲ್ಲಿ ಪ್ಲಾಟಿನಂ ಅನ್ನುವ ಹೊಸ ಗೌರವ ಶುರು ಮಾಡಿದಾಗ ಅದನ್ನು ಮೊದಲು ಪಡೆದ ಆಲ್ಬಂ ಆ ಮೊದಲ ಗ್ರೇಟೆಸ್ಟ್ ಹಿಟ್ಸ್. 2018ರಲ್ಲಿ ಅದೇ ಸಂಘ ಇದರ ಲೆಕ್ಕವನ್ನು 38 ಪ್ಲಾಟಿನಂಗೆ ಏರಿಸಿತು. ಒಂದು ಪ್ಲಾಟಿನಂ ಅಂದರೆ ಹತ್ತು ಲಕ್ಷ ಪ್ರತಿಗಳ ಲೆಕ್ಕ.

ನನಗೆ ಇದರಲ್ಲಿ ಇಷ್ಟವಾಗುವುದು ಹಂಚಿಕೆ. ನಾಲ್ಕು ಆಲ್ಬಂಗಳಿಂದ ಹತ್ತೇ ಹಾಡು: ಮೊದಲನೆಯದರಿಂದ ಮೂರು, ‘ಡೆಸ್ಪರಾಡೋ’ದಿಂದ ಎರಡು, ‘ಆನ್ ದ ಬಾರ್ಡರ್’ನಿಂದ ಎರಡು, ‘ಒನ್ ಆಫ್ ದೀಸ್ ನೈಟ್ಸ್’ನಿಂದ ಮೂರು. ಹಿಟ್ಸ್ ಅಂತ ಹೆಸರಿದ್ದರೂ ಹತ್ತರಲ್ಲಿ ಒಂದು ಹಿಟ್ ಅಲ್ಲವೇ ಅಲ್ಲ. ‘ಡೆಸ್ಪರಾಡೋ’ ಹಾಡನ್ನು ಈಗಲ್ಸ್ ಸಿಂಗಲ್ ಆಗಿ ಬಿಡುಗಡೆಯೇ ಮಾಡಿರಲಿಲ್ಲ. 1973ರಲ್ಲಿ ಲಿಂಡಾ ರಾನ್‌ಸ್ಟಾಟ್ ಅದನ್ನು ಹಾಡಿ ಜನರ ಕಿವಿಗೆ ಮುಟ್ಟಿಸಿದ್ದರು. ಸಿಂಗಲ್ ಆಗಿ ಬಂದಿದ್ದ ‘ಔಟ್‌ಲಾ ಮ್ಯಾನ್’ ಬಿಟ್ಟು, ಸಿಂಗಲ್ ಅಲ್ಲದ ‘ಡೆಸ್ಪರಾಡೋ’ ಹಾಕಿದರು. ಲೆಕ್ಕದ ಪ್ರಕಾರ ತಪ್ಪು, ಕಿವಿಯ ಪ್ರಕಾರ ಸರಿ. ಇವತ್ತು ಆ ಹಾಡಿಲ್ಲದ ಈಗಲ್ಸ್ ಸಂಕಲನವನ್ನು ಯಾರು ತಾನೇ ಒಪ್ಪುತ್ತಾರೆ?

ಬೀಟಲ್ಸ್‌ನ ‘ರೆಡ್’ ಮತ್ತು ‘ಬ್ಲೂ’ ಬಗ್ಗೆ 50 ವರ್ಷದಿಂದ ಜಗಳ ಯಾಕೆ?

1973ರಲ್ಲಿ ಅಮೆರಿಕದಲ್ಲಿ ‘ಆಲ್ಫಾ ಒಮೇಗಾ’ ಅಂತ ನಾಲ್ಕು ಎಲ್‌ಪಿಗಳ (ದೊಡ್ಡ ಗ್ರಾಮಫೋನ್ ತಟ್ಟೆಗಳ) ಒಂದು ಕಳ್ಳ ಸಂಕಲನ ಟಿವಿ, ರೇಡಿಯೋದಲ್ಲಿ ರಾಜಾರೋಷವಾಗಿ ಜಾಹೀರಾತು ಕೊಟ್ಟು ಮಾರಾಟವಾಗುತ್ತಿತ್ತು. ಬ್ಯಾಂಡ್ ಒಡೆದು ಮೂರು ವರ್ಷ ಆಗಿತ್ತು. ಆಗ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಲನ್ ಕ್ಲೈನ್ ಅದಕ್ಕೆ ಎದುರಾಗಿ ಅಧಿಕೃತ ಸಂಕಲನ ಹೊರಡಿಸಿದರು. 1962–66ರದ್ದು ಕೆಂಪು ರಟ್ಟಿನಲ್ಲಿ 26 ಹಾಡು. 1967–70ರದ್ದು ನೀಲಿ ರಟ್ಟಿನಲ್ಲಿ 28 ಹಾಡು.

ಕೆಂಪಿನ ಪಟ್ಟಿಯನ್ನು ಹತ್ತಿರದಿಂದ ನೋಡಿ. 26ಕ್ಕೆ 26 ಹಾಡೂ ಬ್ಯಾಂಡ್‌ನ ಲೆನನ್–ಮೆಕಾರ್ಟ್ನಿ ಜೋಡಿ ಬರೆದದ್ದು. ಬ್ಯಾಂಡ್‌ನ ಇನ್ನೊಬ್ಬ ಸದಸ್ಯ ಜಾರ್ಜ್ ಹ್ಯಾರಿಸನ್‌ದು ಒಂದೂ ಇಲ್ಲ. ಬೇರೆಯವರ ಹಾಡನ್ನು ಇವರು ಹಾಡಿದ್ದೂ ಇಲ್ಲ, ಹಾಗಾಗಿ ‘ಟ್ವಿಸ್ಟ್ ಅಂಡ್ ಶೌಟ್’ ಹೋಯಿತು. ‘ರಬ್ಬರ್ ಸೋಲ್’ ಆಲ್ಬಂನಿಂದ ಆರು ಹಾಡು ತೆಗೆದುಕೊಂಡರು. ಅದರ ಮುಂದಿನ ‘ರಿವಾಲ್ವರ್’ನಿಂದ ಎರಡೇ: ‘ಎಲೀನರ್ ರಿಗ್ಬಿ’ ಮತ್ತು ‘ಯೆಲ್ಲೋ ಸಬ್‌ಮರೀನ್’. ಬ್ಯಾಂಡ್‌ನ ದಾರಿಯನ್ನೇ ತಿರುಗಿಸಿದ ‘ಟುಮಾರೋ ನೆವರ್ ನೋಸ್’ಗೆ ಜಾಗವಿಲ್ಲ, ಜಲಾಂತರ್ಗಾಮಿಯ ಮಕ್ಕಳ ಹಾಡಿಗೆ ಜಾಗ ಇದೆ. ಅಭಿಮಾನಿಗಳು ಕಿರುಚಾಡಿದ್ದರಲ್ಲಿ ಆಶ್ಚರ್ಯವಿಲ್ಲ.

1993ರಲ್ಲಿ ಸಿಡಿ ಬಂದಾಗ ಇನ್ನೊಂದು ರಗಳೆ. ಕೆಂಪು ಸಂಕಲನ ಒಟ್ಟು 63 ನಿಮಿಷಕ್ಕಿಂತ ಕಮ್ಮಿ. ಒಂದೇ ಸಿಡಿಯಲ್ಲಿ ಹಾಯಾಗಿ ಹಿಡಿಸುತ್ತದೆ. ಆದರೂ ಎರಡು ಸಿಡಿ ಮಾಡಿ ಎರಡರ ಬೆಲೆ ಇಟ್ಟರು.

2023ರಲ್ಲಿ ಎರಡನ್ನೂ ಹಿಗ್ಗಿಸಿದರು. ಕೆಂಪಿಗೆ 12 ಹಾಡು ಸೇರಿದವು, ಅದರಲ್ಲಿ ಐದು ‘ರಿವಾಲ್ವರ್’ನವು. ಹ್ಯಾರಿಸನ್‌ರ ‘ಟ್ಯಾಕ್ಸ್‌ಮ್ಯಾನ್’ ಕೊನೆಗೂ ಒಳಗೆ ಬಂತು. ನೀಲಿಗೆ ಒಂಬತ್ತು ಸೇರಿದವು. ಸಿತಾರ್, ತಬಲಾ, ದಿಲ್‌ರುಬಾ ಇರುವ ‘ವಿದಿನ್ ಯು ವಿದೌಟ್ ಯು’ ಅವುಗಳಲ್ಲೊಂದು. ಈಗ ಎರಡೂ ಸೇರಿ 75 ಹಾಡು. ಎಲ್‌ಪಿ ಆವೃತ್ತಿಯಲ್ಲಿ ಮಾತ್ರ ಒಂದು ಜಾಣತನ ಮಾಡಿದ್ದಾರೆ. ಹಳೇ ಎರಡು ಡಿಸ್ಕುಗಳ ಕ್ರಮ ಮುಟ್ಟದೆ, ಹೊಸದಾಗಿ ಸೇರಿಸಿದ್ದನ್ನೆಲ್ಲ ಮೂರನೇ ಡಿಸ್ಕಿಗೆ ಹಾಕಿದ್ದಾರೆ.

ನನ್ನ ತೀರ್ಪು ಕೇಳಿದರೆ, ‘ಟುಮಾರೋ ನೆವರ್ ನೋಸ್’ ಸೇರಿದ್ದು ನ್ಯಾಯ. ‘ಟ್ಯಾಕ್ಸ್‌ಮ್ಯಾನ್’ ಸೇರಿದ್ದೂ ನ್ಯಾಯ. ಉಳಿದ ಹತ್ತು ಹಾಡು ನಮ್ಮಂಥವರ ಬಾಯಿ ಮುಚ್ಚಿಸಲು ಸೇರಿಸಿದ್ದು. ಬೀಟಲ್ಸ್ ಹೆಸರು ಮಾತ್ರ ಕೇಳಿರುವ ಹುಡುಗಿಯೊಬ್ಬಳಿಗೆ 75 ಹಾಡು ಕೊಟ್ಟರೆ ಅವಳು ಎಲ್ಲಿಂದ ಶುರು ಮಾಡಬೇಕು?

ಒಂದು ಆಲ್ಬಂನಲ್ಲಿ ಎಷ್ಟು ಹಾಡು ಹಿಡಿಸುತ್ತದೆ?

ಎಲ್‌ಪಿಯಲ್ಲಿ ಒಂದು ಬದಿಗೆ 20ರಿಂದ 22 ನಿಮಿಷ ಹಾಕಿದರೆ ಚೆಂದ. ಅದಕ್ಕಿಂತ ಜಾಸ್ತಿ ತುರುಕಬಹುದು, ಆದರೆ ಗೆರೆಗಳನ್ನು ಹತ್ತಿರ ಹತ್ತಿರ ಕೊರೆಯಬೇಕು. ಆಗ ಸದ್ದು ತಗ್ಗುತ್ತದೆ, ಬೇಸ್ ಸೊರಗುತ್ತದೆ. ಟಿವಿಯಲ್ಲಿ ಜಾಹೀರಾತು ಕೊಟ್ಟು ಸಂಕಲನ ಮಾರುತ್ತಿದ್ದ ಕೆ-ಟೆಲ್ ಕಂಪನಿ ಒಂದೇ ಎಲ್‌ಪಿಗೆ ಇಪ್ಪತ್ತು ಹಾಡು ಹಾಕುತ್ತಿತ್ತು. ಹೇಗೆ ಅಂತೀರಾ? ಕೆಲವು ಹಾಡುಗಳನ್ನು ಸದ್ದಿಲ್ಲದೆ ಮೊಟಕು ಮಾಡುತ್ತಿದ್ದರು. ಸಿಡಿ ಬಂದ ಮೇಲೆ 74 ನಿಮಿಷ, ಆಮೇಲೆ 80 ನಿಮಿಷ ಸಿಕ್ಕಿತು.

ನಮ್ಮಲ್ಲಿ ಈ ಲೆಕ್ಕ ಕಲಿಸಿದ್ದು ಕ್ಯಾಸೆಟ್. ಖಾಲಿ ಕ್ಯಾಸೆಟ್ ಜೊತೆ ಚೀಟಿಯಲ್ಲಿ ಪಟ್ಟಿ ಬರೆದುಕೊಟ್ಟರೆ ಅಂಗಡಿಯವರು ಹಾಡು ತುಂಬಿಸಿಕೊಡುತ್ತಿದ್ದ ಕಾಲ ಒಂದಿತ್ತು. 60 ನಿಮಿಷದ್ದಾದರೆ ಒಂದು ಬದಿಗೆ ಅರ್ಧ ಗಂಟೆ, 90ರದ್ದಾದರೆ ಮುಕ್ಕಾಲು. ಲೆಕ್ಕ ಹಾಕದೆ ಬರೆದುಕೊಟ್ಟರೆ ಕೊನೆಯ ಹಾಡು ಗಿಟಾರ್ ಸೋಲೋ ಮಧ್ಯದಲ್ಲಿ ಟಕ್ ಅಂತ ನಿಲ್ಲುತ್ತಿತ್ತು. ಆ ಹಾಡು ಎಲ್ಲೋ ಪೂರ್ತಿ ಕೇಳಿಬಂದಾಗಲೂ ಕಿವಿ ಅದೇ ಜಾಗದಲ್ಲಿ ಟಕ್ ಅನ್ನುವುದನ್ನು ಕಾಯುತ್ತದೆ.

ಉದ್ದದ ಹಾಡನ್ನು ಕತ್ತರಿಸಿ ಹಾಕಬಹುದಾ?

ಪಿಂಕ್ ಫ್ಲಾಯ್ಡ್ ಅಭಿಮಾನಿಗಳ ಮುಂದೆ ಈ ಪ್ರಶ್ನೆ ಎತ್ತಬೇಡಿ. 2001ರ ‘ಎಕೋಸ್’ ಸಂಕಲನದಲ್ಲಿ ಎರಡು ಸಿಡಿ, 26 ಹಾಡು. ಆಲ್ಬಂಗೆ ಹೆಸರು ಕೊಟ್ಟ ಹಾಡೇ ಮೂಲದಲ್ಲಿ 23 ನಿಮಿಷಕ್ಕೂ ಜಾಸ್ತಿ. ಇಲ್ಲಿ ಅದು ಸುಮಾರು ಹದಿನಾರೂವರೆ ನಿಮಿಷ. ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ಗೂ ಕತ್ತರಿ ಬಿದ್ದಿದೆ. ಇಸವಿಯ ಕ್ರಮ ಬಿಟ್ಟು, ಒಂದು ಹಾಡು ಇನ್ನೊಂದರೊಳಗೆ ಕರಗುವ ಹಾಗೆ ಜೋಡಿಸಿದ್ದಾರೆ. ಆಲ್ಬಂ ಕೇಳುವಾಗ ಅದು ಚೆನ್ನಾಗಿಯೇ ಇದೆ. ಒಂದು ಹಾಡನ್ನು ಮಾತ್ರ ಕೇಳೋಣ ಅಂದರೆ ತಲೆ ಒಂದರದ್ದು, ಬಾಲ ಇನ್ನೊಂದರದ್ದು.

ನನ್ನ ಅಭಿಪ್ರಾಯ: ಹಾಡು ಹಿಡಿಸದಿದ್ದರೆ ಬೇರೆ ಹಾಡು ಹಾಕಿ. ಕತ್ತರಿಸಿದ ಹಾಡು ಮೊದಲ ಸಲ ಕೇಳುವವರಿಗೆ ಅದೇ ಮೂಲ ಅಂತ ಕೂತುಬಿಡುತ್ತದೆ. ರೇಡಿಯೋಗಾಗಿ ಬ್ಯಾಂಡ್‌ನವರೇ ಮಾಡಿದ ಚಿಕ್ಕ ಆವೃತ್ತಿ ಬೇರೆ ಮಾತು.

ಹಾಡಿನ ಹಕ್ಕು ಬೇರೆಯವರ ಹತ್ತಿರ ಇದ್ದರೆ ಏನು ಮಾಡುತ್ತಾರೆ?

ನಿಜ ಹೇಳಬೇಕೆಂದರೆ ಸಂಕಲನದ ಪಟ್ಟಿಯನ್ನು ಎಷ್ಟೋ ಸಲ ಬರೆಯುವವರು ವಕೀಲರು. ಯಾವ ಹಾಡು ಯಾಕಿಲ್ಲ ಅಂತ ನಾವು ರುಚಿಯ ಕಾರಣ ಹುಡುಕುತ್ತಾ ಕೂರುತ್ತೇವೆ, ಕಾರಣ ಕರಾರು ಪತ್ರದಲ್ಲಿರುತ್ತದೆ.

ಪಿಂಕ್ ಫ್ಲಾಯ್ಡ್‌ದೇ ಇನ್ನೊಂದು ಉದಾಹರಣೆ ನೋಡಿ. 1981ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಅವರ ಆರು ಹಾಡಿನ ಸಂಕಲನ ತಂದಿತು. ಅದಕ್ಕೆ ‘ಮನಿ’ ಬೇಕೇ ಬೇಕು. ಆದರೆ ಆ ರೆಕಾರ್ಡಿಂಗ್ ಕ್ಯಾಪಿಟಲ್ ಕಂಪನಿಯ ಕೈಯಲ್ಲಿತ್ತು, ಅವರು ಕೊಡಲಿಲ್ಲ. ಬ್ಯಾಂಡ್‌ನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಡ್ರಮ್ಸ್ ಸೇರಿ ಬಹುತೇಕ ವಾದ್ಯ ತಾವೇ ನುಡಿಸಿದರು, ಸ್ಯಾಕ್ಸೊಫೋನ್‌ಗೆ ಮಾತ್ರ ಮೂಲದಲ್ಲಿ ನುಡಿಸಿದ್ದ ಡಿಕ್ ಪ್ಯಾರಿ ಬಂದರು. ಅದು ಕೆಟ್ಟದಾಗಿಲ್ಲ. ಆದರೆ ‘ಮನಿ’ ಅಲ್ಲ.

ರೋಲಿಂಗ್ ಸ್ಟೋನ್ಸ್ ಕಥೆ ಇನ್ನೂ ಉದ್ದ. 1960ರ ದಶಕದ ಅವರ ರೆಕಾರ್ಡಿಂಗ್‌ಗಳ ಹಕ್ಕು ಆಲನ್ ಕ್ಲೈನ್‌ರ ಕಂಪನಿಗೆ ಹೋಯಿತು. (ಹೌದು, ಅದೇ ಕ್ಲೈನ್.) 1971ರ ಕೊನೆಗೆ ಬಂದ ‘ಹಾಟ್ ರಾಕ್ಸ್’ ಕ್ಲೈನ್ ಕಡೆಯಿಂದ ಬಂದಿದ್ದು, 21 ಹಾಡು. ಅಲ್ಲಿಂದ ಮುಂದೆ ದಶಕಗಳ ಕಾಲ ಸ್ಟೋನ್ಸ್ ಕೇಳಬೇಕಾದರೆ ಎರಡು ಸಂಕಲನ ಕೊಳ್ಳಬೇಕಿತ್ತು. ‘ಸ್ಯಾಟಿಸ್‌ಫ್ಯಾಕ್ಷನ್’ ಒಂದರಲ್ಲಿ, ‘ಸ್ಟಾರ್ಟ್ ಮಿ ಅಪ್’ ಇನ್ನೊಂದರಲ್ಲಿ. ಎರಡೂ ಕಡೆಯವರು ಒಪ್ಪಿ, ಇಡೀ ಬದುಕಿನ ಹಾಡುಗಳನ್ನು ಒಂದೇ ಕಡೆ ತಂದಿದ್ದು 2002ರ ‘ಫಾರ್ಟಿ ಲಿಕ್ಸ್’. ಆ ಆಲ್ಬಂ ಜೊತೆಗೆ ಹೊರಟ ಪ್ರವಾಸದಲ್ಲೇ ಅವರು 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದು. ಒಂದು ಸಂಕಲನದ ನೆಪದಲ್ಲಿ ಸ್ಟೋನ್ಸ್ ಗಾಯಕ ಮಿಕ್ ಜ್ಯಾಗರ್ ನಮ್ಮೂರಿಗೆ ಬಂದು ಹಾಡಿದರು ಅಂದರೆ, ಸಂಕಲನಗಳನ್ನು ಹೀಗಳೆಯುವವರು ಸ್ವಲ್ಪ ಯೋಚಿಸಬೇಕು ಅಲ್ವಾ?

ಲೆಡ್ ಜೆಪ್ಪೆಲಿನ್‌ಗೆ ಸಂಕಲನ ಬೇಕಾ?

ಅವರಿಗೂ ಬೇಡವಾಗಿತ್ತು. ಬ್ಯಾಂಡ್ ಇದ್ದಷ್ಟು ಕಾಲ ಒಂದೂ ಸಂಕಲನ ಬರಲಿಲ್ಲ. 1980ರಲ್ಲಿ ಡ್ರಮ್ಮರ್ ಜಾನ್ ಬಾನಂ ತೀರಿಕೊಂಡರು, ಬ್ಯಾಂಡ್ ಮುಗಿಯಿತು. ಮೊದಲ ದೊಡ್ಡ ಸಂಕಲನಗಳು ಬರಲು 1990 ಆಗಬೇಕಾಯಿತು. ‘ಸ್ಟೇರ್‌ವೇ ಟು ಹೆವನ್’ ಅಮೆರಿಕದ ರೇಡಿಯೋದಲ್ಲಿ ಅಷ್ಟು ಬಾರಿ ಮೊಳಗಿದರೂ ಆಗ ಅಲ್ಲಿ ಅದನ್ನು ಸಿಂಗಲ್ ಆಗಿ ಮಾರಲಿಲ್ಲ. ಬೇಕಿದ್ದರೆ ಪೂರ್ತಿ ಆಲ್ಬಂ ಕೊಳ್ಳಿ ಅನ್ನುವ ಹಟ. ವ್ಯಾಪಾರದ ಬುದ್ಧಿಯೂ ಹೌದು.

2007ರ ‘ಮದರ್‌ಶಿಪ್’ ಎರಡು ಸಿಡಿ, 24 ಹಾಡು. ‘ಗೋಯಿಂಗ್ ಟು ಕ್ಯಾಲಿಫೋರ್ನಿಯಾ’ ಇಲ್ಲ, ‘ದ ರೈನ್ ಸಾಂಗ್’ ಇಲ್ಲ, ‘ಟೆನ್ ಇಯರ್ಸ್ ಗಾನ್’ ಇಲ್ಲ. ಮೆತ್ತಗಿನ ಜೆಪ್ಪೆಲಿನ್ ಇಷ್ಟಪಡುವವರು ಅದನ್ನು ಇನ್ನೂ ಕ್ಷಮಿಸಿಲ್ಲ. ‘ಡಯರ್ ಮೇಕರ್’ ಬಿಟ್ಟು ‘ದ ರೈನ್ ಸಾಂಗ್’ ಹಾಕಬಹುದಿತ್ತು ಅನ್ನುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.

ಕ್ವೀನ್ ಆಲ್ಬಂ ಒಂದೊಂದು ದೇಶದಲ್ಲಿ ಒಂದೊಂದು ಥರ ಇತ್ತಾ?

ಇತ್ತು. 1981ರ ‘ಗ್ರೇಟೆಸ್ಟ್ ಹಿಟ್ಸ್’ ಬ್ರಿಟನ್‌ನಲ್ಲಿ 17 ಹಾಡು. ಡೇವಿಡ್ ಬೋವಿ ಜೊತೆ ಹಾಡಿದ ‘ಅಂಡರ್ ಪ್ರೆಷರ್’ ಅದೇ ಹೊತ್ತಿಗೆ ಸಿಂಗಲ್ ಆಗಿ ಬಂತು, ಆದರೆ ಬ್ರಿಟನ್ ಆವೃತ್ತಿಯಲ್ಲಿ ಇಲ್ಲ. ಅಮೆರಿಕದ ಆವೃತ್ತಿಯಲ್ಲಿ ಇದೆ. ಬ್ರಿಟನ್‌ನವರು ಅದಕ್ಕಾಗಿ 1991ರ ಎರಡನೇ ಭಾಗದವರೆಗೆ ಕಾಯಬೇಕಾಯಿತು. ಅಲ್ಲಿನ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂ 1981ರ ಆ ಮೊದಲ ಭಾಗ. 2022ರಲ್ಲಿ ಅದರ ಮಾರಾಟ 70 ಲಕ್ಷ ದಾಟಿತು.

ಒಂದು ಕುತೂಹಲ. ಆ 17 ಹಾಡುಗಳಲ್ಲಿ ಡ್ರಮ್ಮರ್ ರೋಜರ್ ಟೇಲರ್ ಬರೆದದ್ದು ಒಂದೂ ಇಲ್ಲ. ಉಳಿದ ಮೂವರದ್ದೂ ಇವೆ. ಪಂಚಗನಿಯ ಬೋರ್ಡಿಂಗ್ ಸ್ಕೂಲಿನಲ್ಲಿ ಓದಿದ ಫ್ರೆಡ್ಡಿ ಮರ್ಕ್ಯುರಿಯದೇ ಸಿಂಹಪಾಲು. ಟೇಲರ್‌ಗೆ ನ್ಯಾಯ ಸಿಗಲಿ ಅಂತ ಒಂದು ಹಾಡು ಸೇರಿಸಬೇಕಿತ್ತಾ? ಬೇಡ. ಆ ಹೊತ್ತಿಗೆ ಅವರದು ಅಂಥ ಹಿಟ್ ಇರಲಿಲ್ಲ. ‘ರೇಡಿಯೋ ಗಾಗಾ’ ಬಂದಿದ್ದು 1984ರಲ್ಲಿ.

ಹಾಡುಗಳ ಕ್ರಮ ಮುಖ್ಯವಾ?

ತುಂಬಾ. ಕ್ವೀನ್ ಆಲ್ಬಂ ‘ಬೊಹೀಮಿಯನ್ ರ‍್ಯಾಪ್ಸಡಿ’ಯಿಂದಲೇ ಶುರುವಾಗುತ್ತದೆ. ದೊಡ್ಡ ಹಾಡನ್ನು ಕೊನೆಗೆ ಇಟ್ಟುಕೊಂಡು ಕಾಯಿಸುವುದಿಲ್ಲ. ಮುಗಿಯುವುದು ‘ವಿ ವಿಲ್ ರಾಕ್ ಯು’, ‘ವಿ ಆರ್ ದ ಚಾಂಪಿಯನ್ಸ್’ ಜೋಡಿಯಿಂದ. ಕ್ರಮ ಸರಿಯಿದ್ದರೆ ಆಯ್ಕೆಯಲ್ಲಿನ ಸಣ್ಣಪುಟ್ಟ ಕೊರತೆ ಮುಚ್ಚಿಹೋಗುತ್ತದೆ.

ಹಳೇ ಹಾಡುಗಳ ನಡುವೆ ಒಂದು ಹೊಸ ಹಾಡು ಯಾಕೆ ತುರುಕುತ್ತಾರೆ?

ಎಲ್ಲ ಆಲ್ಬಂ ಇಟ್ಟುಕೊಂಡಿರುವವರೂ ಮತ್ತೆ ಕೊಳ್ಳಲಿ ಅಂತ. ‘ಫಾರ್ಟಿ ಲಿಕ್ಸ್’ನಲ್ಲಿ ನಾಲ್ಕು ಹೊಸ ಹಾಡಿವೆ, ನಾಲ್ಕೂ ಬೇಕಾಗಿರಲಿಲ್ಲ. ಆದರೆ ಟಾಮ್ ಪೆಟ್ಟಿಯ 1993ರ ‘ಗ್ರೇಟೆಸ್ಟ್ ಹಿಟ್ಸ್’ಗೆ ಹೊಸದಾಗಿ ಸೇರಿಸಿದ ‘ಮೇರಿ ಜೇನ್ಸ್ ಲಾಸ್ಟ್ ಡಾನ್ಸ್’ ಅವರ ದೊಡ್ಡ ಹಾಡುಗಳಲ್ಲಿ ಒಂದಾಯಿತು. ಅಪರೂಪಕ್ಕೆ ಹೀಗೂ ಆಗುತ್ತದೆ.

ಸಂಕಲನವೇ ಬೇಡ ಅಂದ ಬ್ಯಾಂಡ್ ಇದೆಯಾ?

ಎಸಿ/ಡಿಸಿ. ಗ್ರೇಟೆಸ್ಟ್ ಹಿಟ್ಸ್ ಅಂತ ಅವರು ಹೊರಡಿಸಲೇ ಇಲ್ಲ. ಹಾಡುಗಳನ್ನು ಬಿಡಿಬಿಡಿಯಾಗಿ ಮಾರುವುದೂ ಬೇಡ ಅಂತ ಆ್ಯಪಲ್ ಕಂಪನಿಯ ಆನ್‌ಲೈನ್ ಹಾಡಿನ ಅಂಗಡಿ ಐಟ್ಯೂನ್ಸ್‌ಗೆ 2012ರವರೆಗೆ ಹೋಗಲಿಲ್ಲ. 2010ರಲ್ಲಿ ‘ಐರನ್ ಮ್ಯಾನ್ 2’ ಸಿನಿಮಾದ ಹೆಸರಿನಲ್ಲಿ ಅವರ 15 ಹಾಡುಗಳ ಒಂದು ಆಲ್ಬಂ ಬಂತು. ಹೆಸರು ಸಿನಿಮಾದ್ದು, ಒಳಗಿರುವುದು ಗ್ರೇಟೆಸ್ಟ್ ಹಿಟ್ಸ್. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ.

ಸ್ಟುಡಿಯೋ ರೆಕಾರ್ಡಿಂಗ್ ಹಾಕಬೇಕಾ, ಲೈವ್ ಹಾಕಬೇಕಾ?

ಸಾಮಾನ್ಯವಾಗಿ ಸ್ಟುಡಿಯೋದ್ದು. ಆದರೆ ಚೀಪ್ ಟ್ರಿಕ್ ಬ್ಯಾಂಡ್‌ನ ‘ಐ ವಾಂಟ್ ಯು ಟು ವಾಂಟ್ ಮಿ’ಗೆ ಈ ನಿಯಮ ಬೇಡ. 1977ರಲ್ಲಿ ಬಂದ ಸ್ಟುಡಿಯೋ ಹಾಡನ್ನು ಅಮೆರಿಕದಲ್ಲಿ ಯಾರೂ ಮೂಸಲಿಲ್ಲ. ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ, ಜಪಾನಿ ಹುಡುಗಿಯರ ಕಿರುಚಾಟದ ನಡುವೆ ರೆಕಾರ್ಡ್ ಆದದ್ದು 1979ರಲ್ಲಿ ಹಿಟ್ ಆಯಿತು. ಆ ಕಿರುಚಾಟ ಇಲ್ಲದಿದ್ದರೆ ಆ ಹಾಡೇ ಅಲ್ಲ.

ಹಲವು ಬ್ಯಾಂಡ್ ಸೇರಿದ ಸಂಕಲನಗಳಲ್ಲಿ ಬೀಟಲ್ಸ್, ಜೆಪ್ಪೆಲಿನ್ ಯಾಕೆ ಸಿಗುವುದಿಲ್ಲ?

ಅವರು ಸುಲಭಕ್ಕೆ ಹಾಡು ಕೊಡುವುದಿಲ್ಲ. 2003ರ ‘ಸ್ಕೂಲ್ ಆಫ್ ರಾಕ್’ ಸಿನಿಮಾಕ್ಕೆ ಜೆಪ್ಪೆಲಿನ್‌ನ ‘ಇಮಿಗ್ರಂಟ್ ಸಾಂಗ್’ ಬೇಕಿತ್ತು. ನಟ ಜ್ಯಾಕ್ ಬ್ಲ್ಯಾಕ್ ವೇದಿಕೆ ಮೇಲೆ ನಿಂತು, ಹಿಂದೆ ತುಂಬಿದ ಸಭೆಯನ್ನು ಇಟ್ಟುಕೊಂಡು, ‘ದಯವಿಟ್ಟು ಕೊಡಿ’ ಅಂತ ಅಂಗಲಾಚುವ ವಿಡಿಯೋ ಮಾಡಿ ಕಳಿಸಿದರು. ಆಮೇಲೆ ಸಿಕ್ಕಿತು. ಅಂಗಡಿಯಲ್ಲಿ ಸಿಗುವ ‘ಬೆಸ್ಟ್ ರಾಕ್ ಹಾಡುಗಳು’ ಥರದ ಡಿಸ್ಕ್ ನೋಡಿ, ಮಾಡಿದವರಿಗೆ ರುಚಿಯೇ ಇಲ್ಲ ಅಂತ ಬೈಯುವ ಮೊದಲು ಇದು ನೆನಪಿರಲಿ.

ಈ ಪಟ್ಟಿಗಳಲ್ಲಿ ಯಾವಾಗಲೂ ಬಿಟ್ಟುಹೋಗುವವರು ಯಾರು?

ಕರಿಯರು ಮತ್ತು ಹೆಂಗಸರು. ಅಮೆರಿಕದ ರೇಡಿಯೋ ಮಾಡಿದ ಮೊದಲ ಸುತ್ತಿನ ಆಯ್ಕೆ ಅಂದೆನಲ್ಲ, ಅದರ ಫಲ ಇದು. ಜಿಮಿ ಹೆಂಡ್ರಿಕ್ಸ್ ಒಬ್ಬರನ್ನು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಚಕ್ ಬೆರಿ ಗಿಟಾರ್ ಇಲ್ಲದೆ ಸ್ಟೋನ್ಸ್ ಎಲ್ಲಿಂದ ಬರುತ್ತಿದ್ದರು? ಸ್ಟೀವಿ ವಂಡರ್‌ನ 1972ರ ‘ಸೂಪರ್‌ಸ್ಟಿಷನ್’ ಶುರುವಿನ ಆ ಕ್ಲಾವಿನೆಟ್ (ಒಂದು ಬಗೆಯ ಕೀಬೋರ್ಡ್) ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಸಾಲು) ಯಾವ ರಾಕ್ ಗಿಟಾರಿಗೆ ಕಮ್ಮಿ? ಫಂಕಡೆಲಿಕ್ ಬ್ಯಾಂಡ್‌ನ ‘ಮ್ಯಾಗಟ್ ಬ್ರೈನ್’ ಹತ್ತು ನಿಮಿಷದ ಗಿಟಾರ್, 1971ರದ್ದು. ಅದೇ ವಾದನವನ್ನು ಇಂಗ್ಲೆಂಡಿನ ಬಿಳಿ ಹುಡುಗನೊಬ್ಬ ನುಡಿಸಿದ್ದರೆ ಎಲ್ಲ ಸಂಕಲನದಲ್ಲೂ ಇರುತ್ತಿತ್ತು ಅಂತ ನನ್ನ ಗುಮಾನಿ. ಹೆಂಗಸರಲ್ಲಿ ಜ್ಯಾನಿಸ್ ಜಾಪ್ಲಿನ್, ಹಾರ್ಟ್ ಬ್ಯಾಂಡ್‌ನ ವಿಲ್ಸನ್ ಅಕ್ಕತಂಗಿಯರು, ಫ್ಲೀಟ್‌ವುಡ್ ಮ್ಯಾಕ್ ಬಿಟ್ಟರೆ ಪಟ್ಟಿ ಮುಂದಕ್ಕೆ ಹೋಗುವುದೇ ಇಲ್ಲ.

ಕೇಳಿ ಕೇಳಿ ಸಾಕಾಗಿದೆ. ಡೀಪ್ ಪರ್ಪಲ್ ಬ್ಯಾಂಡ್‌ನ ‘ಸ್ಮೋಕ್ ಆನ್ ದ ವಾಟರ್’ ಬಿಡಬಹುದಲ್ಲ?

ನಿಮಗೆ ಸಾಕಾಗಿದೆ. ಅದಕ್ಕೆ ಹಾಡು ಏನು ಮಾಡಬೇಕು? ಗಿಟಾರ್ ಅಂಗಡಿಗೆ ಹೋದವರೆಲ್ಲ ಮೊದಲು ನುಡಿಸುವುದು ಅದನ್ನೇ, ಒಪ್ಪಿಕೊಂಡೆ. ಆದರೆ ಹದಿನೈದು ವರ್ಷದ ಹುಡುಗ ಆ ನಾಲ್ಕು ಸ್ವರದ ರಿಫ್ ಮೊದಲ ಸಲ ಕೇಳುವಾಗ ಅದು ಹಳತಲ್ಲ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಮಾಂಟ್ರೋದಲ್ಲಿ ಫ್ರ್ಯಾಂಕ್ ಜಪ್ಪಾ ಕಛೇರಿ ನಡೆಯುವಾಗ ಯಾರೋ ಹಾರಿಸಿದ ಬೆಂಕಿಯಿಂದ ಕ್ಯಾಸಿನೋ ಸುಟ್ಟುಹೋಯಿತು, ಕೆರೆಯ ಮೇಲೆ ಹೊಗೆ ಹರಡಿತು, ರೆಕಾರ್ಡಿಂಗ್‌ಗೆ ಅಂತ ಬಂದಿದ್ದ ಡೀಪ್ ಪರ್ಪಲ್‌ನವರು ಅದನ್ನು ನೋಡಿದರು. ಆ ಕಥೆಯೇ ಹಾಡು ಅನ್ನುವುದು ಅವನಿಗೆ ಇನ್ನೂ ಗೊತ್ತಿಲ್ಲ. ಮದುವೆ ಊಟದಲ್ಲಿ ಬಡಿಸುವವನಿಗೆ ಹೋಳಿಗೆ ಸಾಕಾಗಿದೆ ಅಂತ ಪಂಕ್ತಿಯಲ್ಲಿ ಕೂತವರಿಗೆ ಬಡಿಸದೆ ಬಿಡುತ್ತಾರೆಯೇ?

ಅಪರೂಪದ ಹಾಡು ಕೇಳಿಸಬೇಕೆಂಬ ಆಸೆ ನನಗೂ ಇದೆ. ಅದಕ್ಕೆ ಬೇರೆ ಪಟ್ಟಿ ಮಾಡಿ.

ಹಾಗಾದರೆ ನಿಮ್ಮ ಪಟ್ಟಿ ಯಾವುದು?

ಒಂದೇ ಎಲ್‌ಪಿ, ಬದಿಗೆ 22 ನಿಮಿಷ ದಾಟಬಾರದು, ಒಂದು ಬ್ಯಾಂಡಿಗೆ ಒಂದೇ ಹಾಡು, ಯಾವುದಕ್ಕೂ ಕತ್ತರಿ ಇಲ್ಲ. ವಕೀಲರು ಒಪ್ಪುತ್ತಾರೆ ಅಂದುಕೊಳ್ಳೋಣ.

ಮೊದಲ ಬದಿಯಲ್ಲಿ ಸ್ಟೋನ್ಸ್‌ನ ‘ಗಿಮ್ಮಿ ಶೆಲ್ಟರ್’. ಅದರ ಶುರುವಿಗಿಂತ ಒಳ್ಳೆಯ ಶುರು ನನಗೆ ಸಿಕ್ಕಿಲ್ಲ. ಜೊತೆಗೆ ಹಾಡಿದ ಮೆರಿ ಕ್ಲೇಟನ್ ಗಂಟಲು ಒಡೆಯುವ ಜಾಗ ಇದೆಯಲ್ಲ, ಅದಾದ ಮೇಲೆ ಕೇಳುವವರು ಎದ್ದು ಹೋಗುವುದಿಲ್ಲ. ಆಮೇಲೆ ಹೆಂಡ್ರಿಕ್ಸ್‌ನ ‘ಆಲ್ ಅಲಾಂಗ್ ದ ವಾಚ್‌ಟವರ್’, ಕ್ರೀಡೆನ್ಸ್‌ನ ‘ಫಾರ್ಚುನೇಟ್ ಸನ್’, ವಂಡರ್‌ನ ‘ಸೂಪರ್‌ಸ್ಟಿಷನ್’, ಕೊನೆಗೆ ಜಾಪ್ಲಿನ್ ಹಾಡಿದ ‘ಪೀಸ್ ಆಫ್ ಮೈ ಹಾರ್ಟ್’. ಸುಮಾರು ಹತ್ತೊಂಬತ್ತೂವರೆ ನಿಮಿಷ.

ಎರಡನೇ ಬದಿಯಲ್ಲಿ ಫ್ಲೀಟ್‌ವುಡ್ ಮ್ಯಾಕ್‌ನ ‘ಗೋ ಯುವರ್ ಓನ್ ವೇ’, ‘ಸ್ಮೋಕ್ ಆನ್ ದ ವಾಟರ್’, ಪಿಂಕ್ ಫ್ಲಾಯ್ಡ್‌ನ ‘ವಿಶ್ ಯು ವರ್ ಹಿಯರ್’, ಮುಗಿಸಲು ‘ಹೋಟೆಲ್ ಕ್ಯಾಲಿಫೋರ್ನಿಯಾ’. ಇದು ಇಪ್ಪತ್ತೊಂದು ನಿಮಿಷಕ್ಕೆ ಹತ್ತಿರ.

‘ಸ್ಟೇರ್‌ವೇ’ ಇಲ್ಲ, ಗೊತ್ತು. ಅದು ಎಂಟು ನಿಮಿಷ. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಆರೂವರೆ. ಎರಡನ್ನೂ ಒಂದೇ ಬದಿಗೆ ಹಾಕಿದರೆ ಉಳಿಯುವುದು ಏಳೂವರೆ ನಿಮಿಷ, ಅದರಲ್ಲಿ ಎರಡು ಚಿಕ್ಕ ಹಾಡು ಹಿಡಿಸಿದರೆ ಹೆಚ್ಚು. ಕ್ವೀನ್ ಇಲ್ಲ, ಬೀಟಲ್ಸ್ ಇಲ್ಲ, ದ ಹೂ ಇಲ್ಲ. ಬೈಯುವವರು ಧಾರಾಳವಾಗಿ ಬೈಯಬಹುದು. ಒಂದೇ ಷರತ್ತು, ಯಾವುದು ಸೇರಿಸಬೇಕು ಅನ್ನುವವರು ಯಾವುದು ತೆಗೆಯಬೇಕು ಅಂತಲೂ ಹೇಳಬೇಕು, ನಿಮಿಷದ ಲೆಕ್ಕದ ಸಮೇತ.